ಐದು ನಿಮಿಷ ಸುಮ್ಮನೆ ಇರ್ತೀರಾ?

ಮೈಸೂರಿನ ಗೋಕುಲಂನಲ್ಲಿ ಬೆಳಗ್ಗೆ ಓಡಾಡಿದರೆ ಯೋಗ ಅಂದರೆ ಎಷ್ಟು ಬೆವರು ಅನ್ನೋದು ಗೊತ್ತಾಗುತ್ತದೆ. ಮ್ಯಾಟ್ ಹೆಗಲಿಗೇರಿಸಿಕೊಂಡ ವಿದೇಶಿಯರು ಒದ್ದೆ ಟೀ ಶರ್ಟಿನಲ್ಲೇ ಎಳನೀರಿನ ಗಾಡಿ ಮುಂದೆ ನಿಂತಿರುತ್ತಾರೆ. ಪಟ್ಟಾಭಿ ಜೋಯಿಸರು ಹೇಳಿಕೊಟ್ಟ ಅಷ್ಟಾಂಗ ವಿನ್ಯಾಸ ಕಲಿಯಲು ಬಂದವರು ಇವರು. ಒಂದು ಉಸಿರಿಗೆ ಒಂದು ಚಲನೆ, ಮಧ್ಯೆ ಬಿಡುವೇ ಇಲ್ಲ. ಇದೇ ಬಡಾವಣೆಯ ಒಂದು ಪುಟ್ಟ ಯೋಗ ಕೇಂದ್ರದಲ್ಲಿ ನಾನು ಸಂಜೆ ಹೊತ್ತು ಫೀಸು ಬರೆದುಕೊಳ್ಳುವ, ಮ್ಯಾಟ್ ಒರೆಸುವ ಕೆಲಸ ಮಾಡುತ್ತಿದ್ದೆ. ಹಗಲು ಲೈಬ್ರರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಓದು, ಸಂಜೆ ಪಿಜಿ ಬಾಡಿಗೆಗೆ ಈ ದುಡಿಮೆ. ಬೆವರೇ ಬಾರದ ಯೋಗವನ್ನು ನಾನು ಮೊದಲು ನೋಡಿದ್ದು ಅಲ್ಲೇ.

ತೈವಾನಿನಿಂದ ಬಂದ ಶಿಕ್ಷಕಿಯೊಬ್ಬರು ಆ ಚಳಿಗಾಲ ಅಲ್ಲಿ ಯಿನ್ ಯೋಗ ಹೇಳಿಕೊಡುತ್ತಿದ್ದರು. ನಾನವರನ್ನು ಮಿಸ್ ಅಂತಲೇ ಕರೆಯುತ್ತಿದ್ದೆ. ಜನ ಕಡಿಮೆ ಇದ್ದ ಒಂದು ದಿನ 'ನೀನೂ ಬಾ, ಕೂತುಕೋ' ಅಂದರು. ಮೊದಲ ಭಂಗಿ ಚಿಟ್ಟೆ. ಅಂದರೆ ನಮ್ಮ ಬದ್ಧಕೋನಾಸನವೇ. ಆದರೆ ಇಲ್ಲಿ ಹಿಮ್ಮಡಿ ತುಸು ಮುಂದೆ ಇಟ್ಟು, ಬೆನ್ನು ಬಾಗಿಸಿ, ತಲೆ ಇಳಿಬಿಟ್ಟು, ಮಾಂಸಖಂಡ ಬಿಗಿಯದೆ ಐದು ನಿಮಿಷ ಹಾಗೇ ಇರಬೇಕು. ಮೊದಲ ನಿಮಿಷ 'ಇಷ್ಟೇನಾ' ಅನ್ನಿಸಿತು. ಎರಡನೆಯದರಲ್ಲಿ ತೊಡೆಯ ಸಂದಿ ಎಳೆಯತೊಡಗಿತು. ಮೂರನೆಯದರಿಂದ ಎಳೆತ ಮೈಯಲ್ಲಿರಲಿಲ್ಲ, ತಲೆಯಲ್ಲಿತ್ತು. ಹದಿನಾಲ್ಕು ತಿಂಗಳಿಂದ ಬಾರದ ಆಯ್ಕೆ ಪಟ್ಟಿ, ಕೋರ್ಟಿನಲ್ಲಿ ಮುಂದಕ್ಕೆ ಹೋಗುತ್ತಲೇ ಇರುವ ಕೇಸು, ಹೋದ ಮದುವೆಯಲ್ಲೆಲ್ಲ 'ಈಗ ಏನ್ ಮಾಡ್ಕೊಂಡಿದ್ದೀಯಮ್ಮ?' ಅನ್ನುವ ನೆಂಟರು. ಓದುವಾಗ ಪುಸ್ತಕದ ಹಿಂದೆ ಅಡಗಿಕೊಳ್ಳಬಹುದಿತ್ತು. ಇಲ್ಲಿ ಅಡಗಲು ಏನೂ ಇರಲಿಲ್ಲ.

ಯಿನ್ ಯೋಗ ಅಂದಕೂಡಲೇ ಚೀನಾದ ಯಾವುದೋ ಗುಹೆಯಲ್ಲಿ ಹುಟ್ಟಿದ್ದು ಅಂದುಕೊಳ್ಳಬೇಡಿ. ಅದು ಬೆಳೆದದ್ದು ಅಮೆರಿಕದಲ್ಲಿ. 1970ರ ದಶಕದ ಕೊನೆಯ ಹೊತ್ತಿಗೆ ಪಾಲಿ ಜಿಂಕ್ ಎಂಬ ಸಮರಕಲೆಯ ಪಟು ಅಲ್ಲಿ ತಾವೋ ಯೋಗ ಕಲಿಸತೊಡಗಿದರು. ಅವರಲ್ಲಿ ಕಲಿತ ಪಾಲ್ ಗ್ರಿಲ್ಲಿ ಅದಕ್ಕೆ ಅಂಗರಚನಾಶಾಸ್ತ್ರವನ್ನೂ, ಜಪಾನಿನ ಹಿರೋಶಿ ಮೊಟೊಯಾಮಾ ಅವರಿಂದ ತಿಳಿದ ಪ್ರಾಣಶಕ್ತಿಯ ದಾರಿಗಳ ವಿಚಾರವನ್ನೂ ಜೋಡಿಸಿದರು. ಯಿನ್ ಎಂಬ ಹೆಸರು ಬಳಕೆಗೆ ಬಂದದ್ದು ಸಾರಾ ಪವರ್ಸ್ ಅವರಿಂದ. ಚೀನೀ ಭಾಷೆಯಲ್ಲಿ ಯಿನ್ ಅಂದರೆ ಮೂಲದಲ್ಲಿ ಬೆಟ್ಟದ ನೆರಳಿನ ಮಗ್ಗುಲು, ಯಾಂಗ್ ಅಂದರೆ ಬಿಸಿಲಿನ ಮಗ್ಗುಲು. ಬೆಟ್ಟ ಒಂದೇ.

ಐದು ಧಾತುಗಳು ಮಾತ್ರ ನಿಜಕ್ಕೂ ಹಳೆಯವು. ಚೀನೀ ವೈದ್ಯದ ಮೂಲಗ್ರಂಥ ಅನ್ನಿಸಿಕೊಂಡ, ಸುಮಾರು 2000 ವರ್ಷ ಹಿಂದಿನ 'ಹ್ವಾಂಗ್‌ದಿ ನೇಜಿಂಗ್'ನಲ್ಲೇ ಅವು ಇವೆ. ಮರ, ಬೆಂಕಿ, ಮಣ್ಣು, ಲೋಹ, ನೀರು. ಕೇಳಿದ ತಕ್ಷಣ ನಾನು ಪರೀಕ್ಷೆಗೆ ಓದುವವಳ ಬುದ್ಧಿಯಲ್ಲೇ ನಮ್ಮ ಪಂಚಭೂತದ ಜೊತೆ ತಾಳೆ ಹಾಕಿ ನೋಡಿದೆ. 'ಮಿಸ್, ನಿಮ್ಮ ಪಟ್ಟಿಯಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲವಲ್ಲ?' ಅವರು ನಕ್ಕರು. ಉಸಿರು, ಅಂದರೆ ಚೀ, ಐದರಲ್ಲಿ ಒಂದಲ್ಲ, ಐದರಲ್ಲೂ ಇರುವುದು ಅಂದರು. ಆಮೇಲೆ ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ಐದಕ್ಕೆ ಚೀನೀ ಹೆಸರು ವೂಶಿಂಗ್. 'ವೂ' ಅಂದರೆ ಐದು. 'ಶಿಂಗ್' ಅಂದರೆ ವಸ್ತುವಲ್ಲ, ನಡೆಯುವುದು, ಸಾಗುವುದು. ಆ ಅಕ್ಷರದ ಅತಿ ಹಳೆಯ ರೂಪ ನಾಲ್ಕು ದಾರಿ ಕೂಡುವ ಜಾಗದ ಚಿತ್ರವಂತೆ. ನಮ್ಮ ಪಂಚಭೂತಗಳು ಜಗತ್ತು ಯಾವುದರಿಂದ ಆಗಿದೆ ಅಂತ ಹೇಳುತ್ತವೆ. ಅವರ ಐದು, ಯಾವುದು ಆದಮೇಲೆ ಯಾವುದು ಬರುತ್ತದೆ ಅಂತ ಹೇಳುತ್ತವೆ.

ಆ ಚಳಿಗಾಲ ತರಗತಿಯಲ್ಲಿ ನಡೆಯುತ್ತಿದ್ದದ್ದು ನೀರಿನ ಪಾಠ. ನೀರಿನ ಕಾಲ ಚಳಿಗಾಲ, ಅಂಗ ಮೂತ್ರಪಿಂಡ ಮತ್ತು ಮೂತ್ರಕೋಶ, ಭಾವನೆ ಭಯ. ಮೂತ್ರಕೋಶದ ದಾರಿ ಬೆನ್ನಗುಂಟ ಇಳಿದು ಕಾಲಿನ ಹಿಂಭಾಗದಲ್ಲಿ ಹೋಗುತ್ತದೆ ಅನ್ನುತ್ತಾರೆ. ಹಾಗಾಗಿ ಚಿಟ್ಟೆ, ಕಂಬಳಿಹುಳು (ಬೆನ್ನು ಬಾಗಿಸಿ ಮಾಡುವ ಪಶ್ಚಿಮೋತ್ತಾನಾಸನ), ಹೊಟ್ಟೆಯ ಮೇಲೆ ಮಲಗಿ ಮೊಣಕೈ ಊರುವ ಸ್ಫಿಂಕ್ಸ್. ಚಳಿಗಾಲದಲ್ಲಿ ನೆಲದ ಮೇಲೆ ಏನೂ ಕಾಣುವುದಿಲ್ಲ, ಕೆಲಸ ಕೆಳಗೆ ನಡೆಯುತ್ತಿರುತ್ತದೆ ಅನ್ನುವುದು ಅವರ ಲೆಕ್ಕ. 26 ದಾಟಿದ, ಕೈಯಲ್ಲಿ ಆರ್ಡರ್ ಕಾಪಿ ಇಲ್ಲದವಳಿಗೆ ಈ ಮಾತು ಸಮಾಧಾನ ಕೊಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಾಯುವುದಕ್ಕೆ ಒಂದು ಹೆಸರು ಸಿಕ್ಕಿತ್ತು.

ನೀರಾದ ಮೇಲೆ ಮರ. ವಸಂತ, ಲಿವರ್ ಮತ್ತು ಪಿತ್ತಕೋಶ, ಸಿಟ್ಟು. ಮೇಲೇಳುವ ಚಿಗುರಿನ ತಲೆ ಮೇಲೆ ಕಲ್ಲಿಟ್ಟರೆ ಏನಾಗುತ್ತದೋ ಅದೇ ಸಿಟ್ಟು ಅಂತ ಮಿಸ್ ವಿವರಿಸಿದರು. ಇದಕ್ಕೆ ಕಾಲಿನ ಒಳಮಗ್ಗುಲು, ಮೈಯ ಪಕ್ಕಗಳನ್ನು ಎಳೆಯುವ ಭಂಗಿಗಳು. ಕಾಲು ಅಗಲಿಸಿ ಬಾಗುವ ಉಪವಿಷ್ಟಕೋನಾಸನ, ಗೋಮುಖಾಸನದ ಕಾಲು. ನನ್ನ ಓರಗೆಯವರ ಸಿಟ್ಟನ್ನು ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ನೋಡಿರಲಿಲ್ಲ. ಮಣ್ಣಿನದು ಇನ್ನೂ ತಮಾಷೆ. ಅದಕ್ಕೆ ಸೇರಿದ ಅಂಗ ಹೊಟ್ಟೆ ಮತ್ತು ಗುಲ್ಮ, ಭಾವನೆ ಅತಿಯಾದ ಯೋಚನೆ. ನಮ್ಮ ಪಿಜಿಯಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಇಲ್ಲದ ರೂಮೇ ಇಲ್ಲ! ಬೆಂಕಿಗೆ ಹೃದಯ, ಲೋಹಕ್ಕೆ ಶ್ವಾಸಕೋಶ ಮತ್ತು ದುಃಖ. ಇವೆರಡರ ದಾರಿ ಕೈಗಳಲ್ಲಿದೆಯಂತೆ, ಅದಕ್ಕೇ ತೋಳು, ಎದೆ ತೆರೆಯುವ ಭಂಗಿಗಳು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಪ್ರಾಣಶಕ್ತಿಯ ಈ ದಾರಿಗಳು ದೇಹ ಕೊಯ್ದು ನೋಡಿದರೆ ನರದಂತೆ, ರಕ್ತನಾಳದಂತೆ ಕಾಣುವುದಿಲ್ಲ. ಚೀನೀ ವೈದ್ಯದ ಮೂತ್ರಪಿಂಡವೂ ಡಾಕ್ಟರು ಸ್ಕ್ಯಾನಿಂಗ್‌ನಲ್ಲಿ ತೋರಿಸುವ ಮೂತ್ರಪಿಂಡವೂ ಒಂದೇ ಅಲ್ಲ. 'ಈ ಆಸನ ಲಿವರ್ ಶುದ್ಧ ಮಾಡುತ್ತದೆ' ಅನ್ನುವ ರೀಲ್ಸ್ ಕಂಡರೆ ನಾನು ಮುಂದಕ್ಕೆ ತಳ್ಳುತ್ತೇನೆ. ಋತುಗಳ ಲೆಕ್ಕವೂ ನಮಗೆ ಪೂರ್ತಿ ಹೊಂದುವುದಿಲ್ಲ. ಮುಂಗಾರಿನ ನಾಡಿಗೆ ಅವರ ವಸಂತ, ಶರತ್ಕಾಲಗಳನ್ನು ಅಂಟಿಸುವುದು ಕಷ್ಟ. ನನಗೆ ಸಿಕ್ಕಿದ್ದು ಔಷಧವಲ್ಲ. ಯಾವ ಭಯ, ಯಾವ ಸಿಟ್ಟು ಅಂತ ಗುರುತಿಸಿ, ಅದರ ಪಕ್ಕದಲ್ಲೇ ಐದು ನಿಮಿಷ ಕೂರುವ ಅಭ್ಯಾಸ.

ಯುಗಾದಿಗೆ ಊರಿಗೆ ಹೋದಾಗ ಪಡಸಾಲೆಯಲ್ಲಿ ಕಂಬಳಿಹುಳುವಿನಂತೆ ಬಾಗಿ ಕೂತಿದ್ದೆ. ಅಪ್ಪ ಹೊಲದಿಂದ ಬಂದವರು ಬಾಗಿಲಲ್ಲೇ ನಿಂತರು.

'ಏನವ್ವ ಇದು, ಓದೋದ್ ಬುಟ್ಟು ಹಿಂಗ್ ಮುದುರ್ಕೊಂಡಿದ್ದೀಯ?'

'ಎರಡು ನಿಮಿಷ ಇರಪ್ಪ, ಮೊಬೈಲು ಹೊಡ್ಕೊಳ್ಳುತ್ತೆ.'

ಎದ್ದ ಮೇಲೆ ಐದು ಧಾತುಗಳ ಸುತ್ತು ಹೇಳಿದೆ. ಮರ ಬೆಂಕಿಯನ್ನು ಉರಿಸುತ್ತದೆ, ಬೆಂಕಿ ಬೂದಿಯಾಗಿ ಮಣ್ಣಾಗುತ್ತದೆ, ಮಣ್ಣಿನಿಂದ ಲೋಹ, ಲೋಹದ ಮೇಲೆ ಇಬ್ಬನಿ ಕೂತು ನೀರು, ನೀರಿನಿಂದ ಮತ್ತೆ ಮರ. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಕೇಳಿ, 'ಬೂದಿ ಗೊಬ್ಬರ ಆಯ್ತದೆ ಅನ್ನಾಕೆ ಚೀನಾದೋರು ಬರಬೇಕಿತ್ತಾ?' ಅಂದರು. ಪಟ್ಟಿಯ ವಿಷಯ ಅವತ್ತು ಅವರು ಎತ್ತಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾನೇ ಎತ್ತಿದೆ. ಕೇಸು ಮುಗಿಯುವವರೆಗೂ ಬರೀ ಕಾಯುವುದಿಲ್ಲ, ಖಾಸಗಿ ಕೆಲಸಕ್ಕೂ ಅರ್ಜಿ ಹಾಕುತ್ತೇನೆ, ಓದು ಬಿಡುವುದಿಲ್ಲ ಅಂದೆ. ಅಷ್ಟು ಹೇಳಲು ನನಗೆ ಒಂದು ವರ್ಷ ಬೇಕಾಗಿತ್ತು. ಅಪ್ಪ ಮುದ್ದೆ ಮುರಿಯುತ್ತಾ 'ಆಯ್ತು ಬುಡು' ಅಂದರು.

ಮಾಡಿ ನೋಡುವವರಿಗೆ ಒಂದೆರಡು ಮಾತು. ಮೊದಲ ವಾರ ಎರಡು ನಿಮಿಷ ಸಾಕು, ಆಮೇಲೆ ಮೂರು, ಐದು. ಎಳೆತ ಮಂದವಾಗಿರಬೇಕು. ಚುಚ್ಚಿದರೆ, ಜುಮುಗುಟ್ಟಿದರೆ, ಕರೆಂಟು ಹೊಡೆದಂತಾದರೆ ತಕ್ಷಣ ಆಚೆ ಬನ್ನಿ. ಮಂಡಿ, ಸೊಂಟದ ತೊಂದರೆ ಇದ್ದವರು, ಕೀಲುಗಳು ಅತಿಯಾಗಿ ಬಾಗುವವರು, ಗರ್ಭಿಣಿಯರು ಬಲ್ಲವರನ್ನು ಕೇಳಿಯೇ ಶುರುಮಾಡಿ. ಭಂಗಿಯಿಂದ ಹೊರಬರುವಾಗ ಅಜ್ಜಿ ಎದ್ದಂತೆ ನಿಧಾನವಾಗಿ ಏಳಬೇಕು, ಎದ್ದು ಒಂದು ನಿಮಿಷ ಮಲಗಬೇಕು. ಬೋಲ್‌ಸ್ಟರ್ ಅಂತ ದುಡ್ಡು ಹಾಕಬೇಡಿ, ಪಿಜಿಯ ದಿಂಬಿಗೆ ಎರಡು ಬೆಡ್‌ಶೀಟ್ ಸುತ್ತಿದರೆ ಮುಗಿಯಿತು.

ಪಟ್ಟಿ ಇನ್ನೂ ಬಂದಿಲ್ಲ. ಸೋಮವಾರ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ವಿಭಾಗಕ್ಕೆ ಸಂದರ್ಶನ ಇದೆ, ಏಳೂವರೆಯ ಬಸ್ಸು ಹಿಡಿಯಬೇಕು. ರೂಮ್‌ಮೇಟ್ ಇಸ್ತ್ರಿ ಪೆಟ್ಟಿಗೆ ಕೊಡುತ್ತೇನೆ ಅಂದಿದ್ದಾಳೆ. ಬದಲಿಗೆ ಅವಳಿಗೆ ಮಣ್ಣಿನ ಆಸನ ಹೇಳಿಕೊಡಬೇಕಂತೆ.