'ಬೀಯಿಂಗ್ ದೇರ್': ತೋಟಗಾರನ ಮಾತು, ಕೇಳಿದವರ ಅರ್ಥ

ಹುಟ್ಟಿನಿಂದ ಪೋಲೆಂಡಿನವರಾದ ಅಮೆರಿಕನ್ ಲೇಖಕ ಜೆರ್ಜಿ ಕೊಸಿನ್ಸ್ಕಿಯವರ ಕಿರುಕಾದಂಬರಿ 'ಬೀಯಿಂಗ್ ದೇರ್' 1970ರಲ್ಲಿ ಪ್ರಕಟವಾಯಿತು. ಹಾಲ್ ಆಶ್ಬಿಯವರ ನಿರ್ದೇಶನದಲ್ಲಿ 1979ರಲ್ಲಿ ಅದು ಚಲನಚಿತ್ರವಾಯಿತು. ಅಬ್ಬರದ ನಗೆಗೆ ಹೆಸರಾಗಿದ್ದ ಪೀಟರ್ ಸೆಲ್ಲರ್ಸ್ ಇಲ್ಲಿ ಮುಖದ ಒಂದು ಗೆರೆಯನ್ನೂ ಅಲುಗಿಸದೆ ನಗಿಸಿದರು.

ಕಥಾನಾಯಕ ಚಾನ್ಸ್ ಅಕ್ಷರ ಬಾರದ ತೋಟಗಾರ. ವಾಷಿಂಗ್ಟನ್ನಿನ ಮನೆಯೊಂದರ ಹೊರಗೆ ಆತ ಎಂದೂ ಕಾಲಿಟ್ಟವನಲ್ಲ. ಲೋಕವನ್ನು ಕಂಡದ್ದು ದೂರದರ್ಶನದಲ್ಲಿ ಮಾತ್ರ. ಯಜಮಾನನ ಮರಣಾನಂತರ ಬೀದಿಗೆ ಬಿದ್ದ ಅವನಿಗೆ ಸಿರಿವಂತ ಮಹಿಳೆಯೊಬ್ಬಳ ಕಾರು ತಗಲುತ್ತದೆ. ತಾನು 'ಗಾರ್ಡನರ್' ಎಂದು ಅವನು ಹೇಳಿದ್ದನ್ನು ಆಕೆ 'ಗಾರ್ಡಿನರ್' ಎಂಬ ಮನೆತನದ ಹೆಸರೆಂದು ಭಾವಿಸುತ್ತಾಳೆ. ಮುಂದೆ ಬೇರು, ಋತು, ಚಿಗುರುಗಳ ಕುರಿತು ಅವನಾಡಿದ ಸರಳ ಮಾತು ರಾಷ್ಟ್ರಾಧ್ಯಕ್ಷರ ಕಿವಿಗೆ ಅರ್ಥನೀತಿಯ ಗೂಢೋಕ್ತಿಯಾಗಿ ಕೇಳಿಸುತ್ತದೆ. ಒಳ್ಳೆಯ ಉಡುಪು, ಗಂಭೀರ ಮೌನ, ಬಿಳಿಯ ಚರ್ಮ ಇಷ್ಟೇ ಅವನ ಬಂಡವಾಳ. ಅವನನ್ನು ಸಾಕಿದ ಕಪ್ಪುವರ್ಣದ ಮನೆಗೆಲಸದಾಕೆ ಲೂಯಿಸ್, ದೂರದರ್ಶನದಲ್ಲಿ ಅವನನ್ನು ಕಂಡು, ಈ ದೇಶದಲ್ಲಿ ಬಿಳಿಯನಾಗಿದ್ದರೆ ಸಾಕೆಂದು ಸಿಡುಕುತ್ತಾಳೆ. ಚಿತ್ರದ ಹರಿತವಾದ ವಿಡಂಬನೆ ಇರುವುದು ಇಲ್ಲಿಯೇ.

ವಿಮರ್ಶಕರಲ್ಲಿ ಬಹುಪಾಲು ಮಂದಿ ಚಿತ್ರವನ್ನು ಮೆಚ್ಚಿಕೊಂಡರು. ಮೆಲ್ವಿನ್ ಡಗ್ಲಸ್ ಅವರಿಗೆ ಪೋಷಕ ನಟನ ಆಸ್ಕರ್ ದೊರೆಯಿತು. ಸೆಲ್ಲರ್ಸ್ ನಾಮನಿರ್ದೇಶನಕ್ಕೆ ತೃಪ್ತರಾಗಬೇಕಾಯಿತು. ವಾದ ಹುಟ್ಟಿದ್ದು ಮುಕ್ತಾಯದ ಬಗ್ಗೆ. ಕಾದಂಬರಿಯಲ್ಲಿ ಚಾನ್ಸ್ ಸದ್ದಿಲ್ಲದೆ ತೋಟಕ್ಕೆ ನಡೆದು ನೆಮ್ಮದಿಗೊಳ್ಳುತ್ತಾನೆ. ಚಿತ್ರದಲ್ಲಾದರೋ ಕೊಳದ ನೀರಿನ ಮೇಲೆಯೇ ನಡೆಯುತ್ತಾನೆ. ನೀರಿನಡಿ ಹಲಗೆಯಿದ್ದೀತೆಂಬಂಥ ವಿವರಣೆಗಳನ್ನು ವಿಮರ್ಶಕ ರೋಜರ್ ಎಬರ್ಟ್ ಒಪ್ಪಲಿಲ್ಲ. ಕಂಡ ದೃಶ್ಯದ ಅರ್ಥವನ್ನು ಚರ್ಚಿಸಬಹುದು, ಕಾಣದ ಕಾರಣವನ್ನು ಕಲ್ಪಿಸಬಾರದು ಎಂಬುದು ಅವರ ನಿಲುವು. ಹೆಸರುಪಟ್ಟಿಯ ಜೊತೆ ಸೆಲ್ಲರ್ಸ್ ನಗು ತಡೆಯಲಾರದ ತುಣುಕುಗಳನ್ನು ಸೇರಿಸಿದ್ದು ಇನ್ನೊಂದು ಆಕ್ಷೇಪಕ್ಕೆ ಎಡೆಯಾಯಿತು. ಅದು ಪಾತ್ರದ ಮೋಡಿಯನ್ನೇ ಕೆಡಿಸಿತೆಂದು ಸ್ವತಃ ನಟರೇ ನೊಂದುಕೊಂಡರು. 1980ರ ಜುಲೈನಲ್ಲಿ ಅವರು ತೀರಿಕೊಂಡರು.

ಕಾದಂಬರಿಯ ಮೇಲೂ ಆರೋಪ ತಪ್ಪಲಿಲ್ಲ. ತಾದೆಉಷ್ ದೊವೆಂಗ-ಮೊಸ್ತೋವಿಚ್ 1932ರಲ್ಲಿ ಬರೆದ ಪೋಲಿಷ್ ಕಾದಂಬರಿಯೊಂದಕ್ಕೆ ಅದು ಹೋಲುತ್ತದೆಂದು ಆ ಕೃತಿಯನ್ನು ಬಲ್ಲವರು ದೂರಿದರು. ಆದರೂ ಚಿತ್ರದ ಮನ್ನಣೆ ಕುಂದಲಿಲ್ಲ. 2015ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೆ ಸೇರಿತು. ಚಾನ್ಸ್ ಆದಿಯಿಂದ ಅಂತ್ಯದವರೆಗೆ ತನಗೆ ತಿಳಿದ ತೋಟದ ಮಾತನ್ನಷ್ಟೇ ಆಡಿದವನು. ಆದುದರಿಂದ ಇಲ್ಲಿ ನಗೆಗೀಡಾಗುವವರು ಅದಕ್ಕೆ ತಮಗೆ ಬೇಕಾದ ಅರ್ಥವನ್ನು ತುಂಬಿಕೊಂಡ ಅಧಿಕಾರಸ್ಥರು.