ಸಿಗಡಿ ಸಿಪ್ಪೆಗೂ ಕಸಿ

ಸಿಗಡಿ ಸಿಪ್ಪೆಯಿಂದ ತೆಗೆಯುವ ಕೈಟೋಸಾನ್‌ಗೆ ಬೇರೆ ಪಾಲಿಮರ್‌ಗಳನ್ನು ‘ಕಸಿ’ ಮಾಡುತ್ತಾರಂತೆ. ಕಸಿ ಮಾಡಲು ಅದೇನು ಗಿಡವೇ? ಮಾಡುವುದಾದರೂ ಏಕೆ?

ಗಿಡವಲ್ಲ, ಆದರೆ ಕೆಲಸ ಮಾವಿನ ಕಸಿಯಂಥದ್ದೇ. ನಾಟಿ ಮಾವಿನ ಬೇರು ಗಟ್ಟಿ, ಹಣ್ಣು ಸಾಧಾರಣ. ಅದಕ್ಕೆ ಆಪೂಸಿನ ಕಡ್ಡಿ ಕೂಡಿಸಿದರೆ ಎರಡರ ಗುಣವೂ ಒಂದೇ ಮರದಲ್ಲಿ ಸಿಗುತ್ತದೆ. ಇಲ್ಲಿ ನಾಟಿ ಗಿಡವೆಂದರೆ ಕೈಟೋಸಾನ್.

ಸಿಗಡಿ, ಏಡಿಗಳ ಚಿಪ್ಪಿನ ಕೈಟಿನ್ ಅನ್ನು ಪ್ರಬಲ ಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್ ಸಿಗುತ್ತದೆ. ಮಣ್ಣಿನಲ್ಲಿ ಕೊಳೆಯುವ ಸಾಧು ವಸ್ತು. ತೊಂದರೆಯೆಂದರೆ ಬರೀ ನೀರಿನಲ್ಲಿ ಕರಗದು, ವಿನೆಗರ್‌ನಂಥ ಆಮ್ಲ ಬೇಕು.

ಈ ಉದ್ದನೆಯ ಅಣುವಿನ ತುಂಬ ಹೈಡ್ರಾಕ್ಸಿಲ್, ಅಮೈನೋ ಗುಂಪುಗಳಿವೆ. ಕಸಿಗೆ ಗೀರು ಹಾಕುವುದು ಅಲ್ಲೇ. ದ್ರಾವಣಕ್ಕೆ ಪೊಟ್ಯಾಸಿಯಂ ಪರ್‌ಸಲ್ಫೇಟ್ ಹಾಕಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡುತ್ತಾರೆ. ಅದು ಒಡೆದು, ಆ ಗುಂಪುಗಳಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಉಳಿಯುತ್ತದೆ. ದ್ರಾವಣಕ್ಕೆ ಬೆರೆಸಿದ ಅಕ್ರಿಲಿಕ್ ಆಮ್ಲದ ಅಣುವೊಂದು ಅಲ್ಲಿಗೆ ಬಂದು ಕೂಡಿಕೊಳ್ಳುತ್ತದೆ, ಅದರ ತುದಿಗೆ ಇನ್ನೊಂದು, ಮತ್ತೊಂದು. ಹೀಗೆ ಕೊಂಬೆ ಬೆಳೆಯುತ್ತದೆ. ಆಮ್ಲಜನಕ ನುಸುಳಿದರೆ ಬೆಳವಣಿಗೆಗೆ ಅಡ್ಡಿ; ಅದಕ್ಕೇ ಪಾತ್ರೆಯೊಳಗೆ ನೈಟ್ರೋಜನ್ ಹಾಯಿಸುವುದು.

ಕೊಂಬೆ ಎಂಥದ್ದೋ ಫಲ ಅಂಥದ್ದು. ಅಕ್ರಿಲಿಕ್ ಕೊಂಬೆಗಳನ್ನು ಒಂದಕ್ಕೊಂದು ಹೆಣೆದರೆ ತನ್ನ ತೂಕದ ಹಲವು ಪಟ್ಟು ನೀರು ಹೀರುವ ಜೆಲ್. ಅದು ಕೊಳಚೆ ನೀರಿನ ತಾಮ್ರ, ಸೀಸವನ್ನೂ ಹಿಡಿದಿಡಬಲ್ಲದು. ಪಾಲಿಎಥಿಲೀನ್ ಗ್ಲೈಕಾಲ್ ಕೂಡಿಸಿದರೆ ಬರೀ ನೀರಿನಲ್ಲೂ ಕರಗುವಂತೆ ಮಾಡಬಹುದು.

ಆದರೆ ಅಕ್ರಿಲಿಕ್ ಕೊಂಬೆ ಕೈಟೋಸಾನ್‌ನಷ್ಟು ಸುಲಭವಾಗಿ ಕೊಳೆಯುವುದಿಲ್ಲ. ‘ಸಿಗಡಿ ಸಿಪ್ಪೆಯದು, ಪೂರ್ತಿ ನೈಸರ್ಗಿಕ’ ಎಂದು ಯಾರಾದರೂ ಮಾರಲು ಬಂದರೆ, ಕಸಿ ಮಾಡಿದ್ದು ಯಾವುದನ್ನು ಎಂದು ಕೇಳಿ.