ಚೆನ್ನೈ ಮ್ಯೂಸಿಯಂನಲ್ಲಿ ಹೇಮಾವತಿಯ ಕಲ್ಲು

ಚೆನ್ನೈಯಲ್ಲಿ ಭಾನುವಾರ ಮಕ್ಕಳಿಗೆ ಮರೀನಾ ಬೀಚ್ ಇದ್ದದ್ದೇ. ಮಡಕಶಿರಾ, ರಾಯದುರ್ಗ ಕಡೆಯವರು ಎಗ್ಮೋರ್‌ನ ಸರ್ಕಾರಿ ಮ್ಯೂಸಿಯಂಗೂ ಅರ್ಧ ದಿನ ಇಡಬೇಕು. ಅಲ್ಲಿರುವುದು ಊರ ಕಡೆಯ ಕಲ್ಲು!

ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ಮೂರ್ತಿಗಳು, ಕುಸುರಿ ಕೆತ್ತನೆಯ ಕಂಬಗಳು ಅಷ್ಟು ದೂರ ಹೋಗಿದ್ದೇಕೆ? 1953ರವರೆಗೆ ಅನಂತಪುರ ಜಿಲ್ಲೆ ಇದ್ದದ್ದು ಮದರಾಸಿನ ಆಡಳಿತದಲ್ಲಿ. 1851ರಲ್ಲಿ ಶುರುವಾದ ಈ ಮ್ಯೂಸಿಯಂ ಅಲ್ಲಿಯದೇ. ಈ ಶಿಲ್ಪಗಳ ಬಗ್ಗೆ ಸಿ. ಶಿವರಾಮಮೂರ್ತಿ ಬರೆದ ಪುಸ್ತಕ 1964ರಲ್ಲಿ ಬಂತು.

ಶುಕ್ರವಾರ ರಜೆ, ವಾರಾಂತ್ಯಕ್ಕೆ ತೊಂದರೆಯಿಲ್ಲ. ಮಕ್ಕಳು ಮೊದಲು ಓಡುವುದು ತಿಮಿಂಗಿಲದ ಅಸ್ಥಿಪಂಜರದ ಕಡೆಗೇ, ಓಡಲಿ ಬಿಡಿ. ಕಲ್ಲು ಎಲ್ಲೂ ಹೋಗದು. ಊರಿಗೆ ಬಂದಾಗ ಹೇಮಾವತಿಯನ್ನೂ ತೋರಿಸಿ. ಅಲ್ಲಿ ಸಿದ್ಧೇಶ್ವರನಿಗೆ ಪೂಜೆ ನಡೆಯುವುದು ಲಿಂಗರೂಪದಲ್ಲಲ್ಲ, ಕುಳಿತ ಮೂರ್ತಿಯ ರೂಪದಲ್ಲಿ.